‘ನೆಟ್‌ವರ್ಕ್ ಇಂಟರಪ್ಟ್’ ಎಂಬುದಕ್ಕೆ ‘ಅಡಚಣೆ’ ಎನ್ನಬಹುದೇ? – ಡಿವೈಸ್ ಟ್ರೀ ವಿವರಣೆಯ ಕೆಲವು ಪದಗಳು

ಮಿತ್ರರೇ, ನಮಸ್ಕಾರ.

ಎಂಬೆಡೆಡ್ ಲಿನಕ್ಸ್ ಕಲಿಯುವ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಡಿವೈಸ್ ಟ್ರೀ ಕುರಿತು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಬೋರ್ಡಿನಲ್ಲಿ ಯಾವ ಸಾಧನ ಯಾವ ವಿಳಾಸದಲ್ಲಿದೆ, ಅದರ ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯಲು ಸಾಧನ ಕಳುಹಿಸುವ ಸಂಕೇತ) ಯಾವ ನಿಯಂತ್ರಕಕ್ಕೆ ಹೋಗುತ್ತದೆ ಎಂದು ಲಿನಕ್ಸಿನ ತಿರುಳಾದ ಕರ್ನಲ್‌ಗೆ ತಿಳಿಸುವ ಕಡತ ಅದು. ಅಲ್ಲಿ ಏನನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬ ಕರಾರನ್ನು ಬೈಂಡಿಂಗ್ ಎನ್ನುತ್ತಾರೆ. ಕಡತದೊಳಗಿನ ಹೆಸರುಗಳನ್ನು ನಾವು ಮುಟ್ಟುವಂತಿಲ್ಲ. ನನ್ನ ಪ್ರಶ್ನೆ ಅವುಗಳನ್ನು ವಿವರಿಸುವ ವಾಕ್ಯಗಳ ಬಗ್ಗೆ.

ಇಂಟರಪ್ಟ್ ಎಂಬುದಕ್ಕೆ ಮೊದಲು ನೆನಪಾಗುವುದು ಅಡಚಣೆ, ಅಡ್ಡಿ, ವ್ಯತ್ಯಯ. ಆದರೆ ಪತ್ರಿಕೆಗಳಲ್ಲಿ ‘ವಿದ್ಯುತ್ ವ್ಯತ್ಯಯ’ ಎಂದರೆ ಕರೆಂಟ್ ಇಲ್ಲ, ‘ನೆಟ್‌ವರ್ಕ್ ಅಡಚಣೆ’ ಎಂದರೆ ಇಂಟರ್ನೆಟ್ ಕೈಕೊಟ್ಟಿದೆ ಎಂದೇ ಅರ್ಥ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಡಿವೈಸ್ ಟ್ರೀಯಲ್ಲಿ ಈಥರ್ನೆಟ್‌ಗೆ (ತಂತಿಯ ನೆಟ್‌ವರ್ಕ್‌ಗೆ) 157 ಮತ್ತು 158 ಎಂಬ ಎರಡು ಇಂಟರಪ್ಟ್‌ಗಳನ್ನು ಬರೆದಿರುತ್ತಾರೆ. ಇದನ್ನೇ ‘ಈ ಬೋರ್ಡಿನ ನೆಟ್‌ವರ್ಕ್‌ಗೆ ಎರಡು ಅಡಚಣೆಗಳಿವೆ’ ಎಂದು ಬರೆದರೆ ಓದುಗ ರಿಪೇರಿಗೆ ಹೊರಡುತ್ತಾನೆ!

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಇನ್ನೊಂದು ಬೋರ್ಡಿನಲ್ಲಿ ತೊಡಕು ಇನ್ನೂ ಸ್ಪಷ್ಟ. ಅದರ ಈಥರ್ನೆಟ್ ಭಾಗಕ್ಕೆ 40ರಿಂದ 43ರವರೆಗೆ ನಾಲ್ಕು ಇಂಟರಪ್ಟ್‌ಗಳು: ಸ್ವೀಕಾರದ ಮಿತಿ ಸಮೀಪಿಸಿದಾಗ ಒಂದು, ಪ್ಯಾಕೆಟ್ ಬಂದಾಗ ಒಂದು, ಕಳುಹಿಸುವ ಕೆಲಸ ಮುಗಿದಾಗ ಒಂದು, ಉಳಿದವಕ್ಕೆಲ್ಲ ಸೇರಿ ಒಂದು. ಕೆಲಸ ಮುಗಿಯಿತು ಎಂದು ತಿಳಿಸುವುದನ್ನು ಅಡ್ಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಅರೆಕ್ಷಣ ಬದಿಗಿಡುತ್ತದೆ, ನಿಜ. ಆದರೆ ಮುಖ್ಯವಾದದ್ದು ಸಾಧನ ಹೇಳುವ ಸುದ್ದಿ.

ಈಥರ್ನೆಟ್ ಕೇಬಲ್ಲಿನ ಸಂಪರ್ಕವನ್ನು ನೋಡಿಕೊಳ್ಳುವ ‘ಫೈ’ ಚಿಪ್‌ಗೆ ಡಿವೈಸ್ ಟ್ರೀಯಲ್ಲಿ ಇಂಟರಪ್ಟ್ ಬರೆಯದಿದ್ದರೆ, ಲಿನಕ್ಸ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ತಾನೇ ಹೋಗಿ ಸಂಪರ್ಕ ಇದೆಯೇ ಎಂದು ವಿಚಾರಿಸುತ್ತದೆ. ಕರೆಗಂಟೆ ಇಲ್ಲದ ಮನೆಯವರು ಆಗಾಗ ಬಾಗಿಲು ತೆರೆದು ನೋಡುವಂತೆ. ಆದ್ದರಿಂದ ‘ಕರೆ’ ಎಂಬ ಪದದತ್ತ ನನ್ನ ಒಲವು. ಆದರೆ ಫಂಕ್ಷನ್ ಕಾಲ್, ಸಿಸ್ಟಂ ಕಾಲ್ ಎರಡನ್ನೂ ‘ಕರೆ’ ಎಂದು ಬರೆಯುವುದು ಈಗಾಗಲೇ ರೂಢಿಯಲ್ಲಿದೆ. ‘ಸೂಚನೆ’ಯನ್ನು ಪ್ರೊಸೆಸರಿನ ಆದೇಶಗಳಿಗೆ ಬಳಸಿಬಿಟ್ಟಿದ್ದೇವೆ. ‘ಅಡ್ಡಕರೆ’ ಎಂದರೆ ಹೇಗೆ? ನಡುವೆ ಬಾಯಿ ಹಾಕುವುದೂ ಕರೆಯುವುದೂ ಎರಡೂ ಅದರಲ್ಲಿವೆ. ಒಮ್ಮೆ ‘ಅಡ್ಡಕರೆ’ ಎಂದು ವಿವರಿಸಿ, ಮುಂದೆ ‘ಇಂಟರಪ್ಟ್’ ಎಂದೇ ಬರೆದುಕೊಂಡು ಹೋಗುವುದು ಸದ್ಯದ ನನ್ನ ಯೋಚನೆ.

ಇನ್ನೆರಡು ಸಣ್ಣ ತೊಡಕುಗಳು. ಕಡತದಲ್ಲಿ ಬರುವ ‘ಇಂಟರಪ್ಟ್-ಪೇರೆಂಟ್’ ಅನ್ನು ‘ಇಂಟರಪ್ಟ್ ಪೋಷಕ’ ಎಂದರೆ, ಮರದಲ್ಲಿ (ಅಂದರೆ ಡಿವೈಸ್ ಟ್ರೀಯಲ್ಲಿ) ಮೇಲಿರುವ ನೋಡ್, ಅಂದರೆ ಮೇಲಿನ ಕವಲು, ಎಂದು ಓದುಗರು ತಿಳಿಯುತ್ತಾರೆ. ಇದು ಇಂಟರಪ್ಟನ್ನು ಪಡೆಯುವ ನಿಯಂತ್ರಕ. ಮರದಲ್ಲಿ ಬೇರೆಲ್ಲೋ ಇರಬಹುದು. ಅದನ್ನು ಬರೆಯದೆ ಬಿಟ್ಟಾಗ ಮೇಲಿನ ನೋಡ್‌ನಿಂದ ಪಡೆದುಕೊಳ್ಳುವುದರಿಂದ ಗೊಂದಲ ಇನ್ನೂ ಹೆಚ್ಚು. ‘ಪಡೆಯುವ ನಿಯಂತ್ರಕ’ ಎಂದು ಬಿಡಿಸಿ ಬರೆದಿದ್ದೇನೆ, ಉದ್ದವಾದರೂ ಸರಿ.

ಎರಡನೆಯದು, ಲೆವೆಲ್ ಲೋ. ಫೈ ಚಿಪ್‌ಗಳ ಇಂಟರಪ್ಟ್ ತಂತಿ ಸಾಮಾನ್ಯವಾಗಿ ವೋಲ್ಟೇಜ್ ಇಳಿದಿರುವಷ್ಟು ಹೊತ್ತೂ ಸಕ್ರಿಯ. ಕಡತದಲ್ಲಿ ಅದರ ಗುರುತು 8. ಏರುವ ಅಂಚಿಗೆ (ವೋಲ್ಟೇಜ್ ಏರುವ ಕ್ಷಣಕ್ಕೆ) 1, ಇಳಿಯುವ ಅಂಚಿಗೆ 2, ಮೇಲಿನ ಮಟ್ಟಕ್ಕೆ 4. ‘ಕೆಳಮಟ್ಟದ ಇಂಟರಪ್ಟ್’ ಎಂದು ಬರೆದರೆ ಕಳಪೆ ಎಂಬ ಧ್ವನಿ ಬರುತ್ತದೆ. ‘ತಗ್ಗು ಮಟ್ಟ’ ಎಂದು ಬದಲಿಸಿದೆ. ಕಿವಿಗೆ ಹಿತವಾಗಿದೆಯೇ ಹೇಳಿ.

ಪಾಲಿಟೆಕ್ನಿಕ್‌ಗಳಲ್ಲಿ 8085 ಎಂಬ ಹಳೆಯ ಪ್ರೊಸೆಸರಿನ ಪಾಠ ಮಾಡಿದವರು ಇಲ್ಲಿದ್ದರೆ ಅವರ ಮಾತು ನನಗೆ ತುಂಬ ಮುಖ್ಯ. ಅದರ ಇಂಟರಪ್ಟ್‌ಗಳಲ್ಲಿ ಆರ್‌ಎಸ್‌ಟಿ 7.5 ಅಂಚನ್ನು ಗಮನಿಸುತ್ತದೆ, 6.5 ಮತ್ತು 5.5 ಮಟ್ಟವನ್ನು ಗಮನಿಸುತ್ತವೆ ಎಂಬುದನ್ನು ತರಗತಿಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವಾಗ ನೀವು ಯಾವ ಪದಗಳನ್ನು ಬಳಸುತ್ತಿದ್ದಿರಿ?