ಬಡ್ ಸೆಲಿಗ್ ಅವರ ಅಧಿಕಾರಾವಧಿಯನ್ನು ಹೇಗೆ ತೂಗಿ ನೋಡಬೇಕು?

ಪ್ರಶ್ನೆ: ಸಾಲಗಾಮೆ ರಸ್ತೆ, ಹಾಸನ

ಕ್ರಿಕೆಟ್‌ನಿಂದಾಗಿ ಜಾವಗಲ್ ಎಂಬ ಪುಟ್ಟ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾದ ಜಿಲ್ಲೆ ನಮ್ಮದು. ಬೇಸ್‌ಬಾಲ್ ನೋಡುವವರು ಇಲ್ಲಿ ವಿರಳ. ಆದರೂ ಹಾಸನದ ನಮ್ಮ ಓದುಗರ ಬಳಗದಲ್ಲಿ ಕ್ರೀಡೆಗಳ ಆಡಳಿತದ ಬಗ್ಗೆ ಮಾತನಾಡಲು ಒಪ್ಪಿಕೊಂಡಿರುವ ನಾನು, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಕಮಿಷನರ್ (ಲೀಗಿನ ಮುಖ್ಯ ಆಡಳಿತಗಾರ) ಆಗಿದ್ದ ಬಡ್ ಸೆಲಿಗ್ ಅವರನ್ನೇ ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ.

1992ರ ಸೆಪ್ಟೆಂಬರ್‌ನಲ್ಲಿ ತಂಡಗಳ ಮಾಲೀಕರು 18-9 ಮತಗಳಿಂದ ಅವಿಶ್ವಾಸ ಸೂಚಿಸಿದಾಗ ಅಂದಿನ ಕಮಿಷನರ್ ಫೇ ವಿನ್ಸೆಂಟ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಹಂಗಾಮಿಯಾಗಿ ಬಂದವರು ಸ್ವತಃ ಮಿಲ್ವಾಕಿ ಬ್ರೂವರ್ಸ್ ತಂಡದ ಮಾಲೀಕರಾಗಿದ್ದ ಸೆಲಿಗ್. 1998ರಲ್ಲಿ ಆ ಹುದ್ದೆ ಕಾಯಂ ಆಯಿತು, 2015ರ ಜನವರಿಯವರೆಗೂ ಅವರೇ ಇದ್ದರು. ಈ ಅವಧಿಯಲ್ಲಿ ಲೀಗಿನ ವಾರ್ಷಿಕ ವರಮಾನ ನೂರಿಪ್ಪತ್ತು ಕೋಟಿ ಡಾಲರ್ ಆಸುಪಾಸಿನಿಂದ ಒಂಬೈನೂರು ಕೋಟಿಯ ಹತ್ತಿರಕ್ಕೆ ಏರಿತು. ಅದೇ ಅವಧಿಯಲ್ಲಿ, 1994ರ ಆಟಗಾರರ ಮುಷ್ಕರದಿಂದಾಗಿ ಒಂದು ವರ್ಲ್ಡ್ ಸೀರೀಸ್ (ವರ್ಷದ ಕೊನೆಯ ಪ್ರಶಸ್ತಿ ಸರಣಿ) ರದ್ದಾಯಿತು, ಉದ್ದೀಪನ ಮದ್ದಿನ ಕಾಲವೂ ಬಂದು ಹೋಯಿತು. 2017ರಲ್ಲಿ ಅವರು ಬೇಸ್‌ಬಾಲ್‌ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಲಾಭ ನಷ್ಟಗಳನ್ನು ಕೂಡಿ ಕಳೆದು ಒಂದು ಉತ್ತರಕ್ಕೆ ಬರುವುದು ನನಗೆ ಸಮಾಧಾನ ಕೊಡುತ್ತಿಲ್ಲ. ಇಂಥ ಹುದ್ದೆಯಲ್ಲಿದ್ದವರನ್ನು ಯಾವ ಮಾನದಂಡದಿಂದ ಅಳೆಯುವುದು ನ್ಯಾಯ?

ಉತ್ತರ: ತೋಟದ ಮನೆ, ಮೂಡಿಗೆರೆ

ನಾನು ಸೆಲಿಗ್ ಅವರ ಪರವಾಗಿಯೇ ಬರೆಯುತ್ತೇನೆ, ಏಕೆಂದರೆ ಅವರು ಮಾಡಿದ ಅತಿ ಕಷ್ಟದ ಕೆಲಸದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ನ್ಯೂಯಾರ್ಕಿನ ತಂಡಕ್ಕೆ ಸ್ಥಳೀಯ ಟೆಲಿವಿಷನ್ ಹಕ್ಕಿನಿಂದ ಬರುವ ಹಣಕ್ಕೂ ಮಿಲ್ವಾಕಿಯಂಥ ಸಣ್ಣ ನಗರದ ತಂಡಕ್ಕೆ ಬರುವ ಹಣಕ್ಕೂ ಅಜಗಜಾಂತರವಿತ್ತು. ಹೆಚ್ಚು ಗಳಿಸುವವರು ಕಡಿಮೆ ಗಳಿಸುವವರೊಂದಿಗೆ ಹಂಚಿಕೊಳ್ಳಬೇಕು ಎಂಬ ಮಾತಿಗೆ ಶ್ರೀಮಂತ ಮಾಲೀಕರು ಕಿವಿಗೊಡುತ್ತಿರಲಿಲ್ಲ. 1996ರ ಒಪ್ಪಂದದಲ್ಲಿ ಆ ಹಂಚಿಕೆ ಆರಂಭವಾಗಿ 2002ರಲ್ಲಿ ಇನ್ನಷ್ಟು ಬಲಗೊಂಡಿತು.

ನಮ್ಮ ಕಡೆಯ ಹಿರಿಯ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. 1996ರವರೆಗೂ ಕಾಫಿ ಮಂಡಳಿಯ ಪೂಲ್ ಇತ್ತು. ಸಣ್ಣ ಹಿಡುವಳಿದಾರನ ಕಾಫಿಯೂ ದೊಡ್ಡ ಎಸ್ಟೇಟಿನ ಕಾಫಿಯೂ ಅಲ್ಲಿಗೇ ಸೇರಿ, ಹಣ ಕಂತುಕಂತಾಗಿ ಬರುತ್ತಿತ್ತು. ಪೂಲ್ ಬೇಡವೆಂದವರ ವಾದದಲ್ಲೂ ಹುರುಳಿತ್ತು. ಆದರೆ ಅಂಥ ವ್ಯವಸ್ಥೆಗೆ ದೊಡ್ಡವರನ್ನು ಸ್ವಇಚ್ಛೆಯಿಂದ ಒಪ್ಪಿಸುವುದು ಎಷ್ಟು ಕಷ್ಟವೆಂದು ಬೆಳೆಗಾರರ ಸಭೆಗಳಲ್ಲಿ ಕೂತವರಿಗೆ ಗೊತ್ತು. ಸೆಲಿಗ್ ಗಂಟೆಗಟ್ಟಲೆ ಫೋನಿನಲ್ಲಿ ಒಬ್ಬೊಬ್ಬ ಮಾಲೀಕರ ಮನವೊಲಿಸಿ ಇದನ್ನು ಸಾಧಿಸಿದರು. 1995ರ ನಂತರ ಅವರ ಅವಧಿ ಮುಗಿಯುವವರೆಗೂ ಒಂದೇ ಒಂದು ಪಂದ್ಯ ಮುಷ್ಕರಕ್ಕೆ ಬಲಿಯಾಗಲಿಲ್ಲ ಎಂಬುದನ್ನೂ ಮರೆಯಬಾರದು.

ಉತ್ತರ: ಅರಸೀಕೆರೆ

ಹಂಚಿಕೆಯ ವಿಷಯವನ್ನು ಒಪ್ಪುತ್ತೇನೆ. ಆದರೆ ಉದ್ದೀಪನ ಮದ್ದಿನ ವಿಚಾರದಲ್ಲಿ ಅವರನ್ನು ಸುಲಭವಾಗಿ ಬಿಟ್ಟುಬಿಡಲು ನನ್ನಿಂದಾಗದು.

1998ರ ಬೇಸಿಗೆಯಲ್ಲಿ ಮಾರ್ಕ್ ಮೆಗ್ವೈರ್ ಮತ್ತು ಸ್ಯಾಮಿ ಸೋಸಾ ಪೈಪೋಟಿಗೆ ಬಿದ್ದು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆಯುತ್ತಿದ್ದಾಗ ಮುಷ್ಕರದಿಂದ ಮುನಿಸಿಕೊಂಡಿದ್ದ ಪ್ರೇಕ್ಷಕರು ಮೈದಾನಕ್ಕೆ ಮರಳಿದರು. ಆ ಆಗಸ್ಟ್‌ನಲ್ಲೇ ಮೆಗ್ವೈರ್ ಅವರ ಲಾಕರಿನಲ್ಲಿ ಆಂಡ್ರೋಸ್ಟೆನಿಡಿಯೋನ್ ಎಂಬ ಸ್ನಾಯುವರ್ಧಕ ಮದ್ದಿನ ಡಬ್ಬಿ ಕಂಡ ಸುದ್ದಿ ಪ್ರಕಟವಾಗಿತ್ತು. ಆಗ ಲೀಗಿನಲ್ಲಿ ಅದಕ್ಕೆ ನಿಷೇಧವಿರಲಿಲ್ಲ, ನಿಜ. ಆದರೆ ಎಚ್ಚೆತ್ತುಕೊಳ್ಳಲು ಅದಕ್ಕಿಂತ ದೊಡ್ಡ ಸೂಚನೆ ಬೇಕಿತ್ತೇ? ಮೆಗ್ವೈರ್ ಆ ವರ್ಷ 70, ಸೋಸಾ 66 ಹೋಮ್ ರನ್ ಹೊಡೆದರು, ಲೀಗ್ ಅದನ್ನು ಹಬ್ಬವಾಗಿಯೇ ಆಚರಿಸಿತು.

ಈಗ 2007ರ ಆಗಸ್ಟ್ 4ಕ್ಕೆ ಬನ್ನಿ. ಸ್ಯಾನ್ ಡಿಯಾಗೋದಲ್ಲಿ, ಮದ್ದಿನ ಆರೋಪ ಹೊತ್ತಿದ್ದ ಬ್ಯಾರಿ ಬಾಂಡ್ಸ್ ತಮ್ಮ ವೃತ್ತಿಜೀವನದ 755ನೇ ಹೋಮ್ ರನ್ ಹೊಡೆದು ಹ್ಯಾಂಕ್ ಆರನ್ ಅವರ ದಾಖಲೆಯನ್ನು ಸರಿಗಟ್ಟಿದಾಗ ಸೆಲಿಗ್ ಎದ್ದು ನಿಂತರು, ಆದರೆ ಚಪ್ಪಾಳೆ ತಟ್ಟದೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆರನ್ ಸೆಲಿಗ್ ಅವರ ಆಪ್ತ ಸ್ನೇಹಿತರಾಗಿದ್ದರು. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಜೇಬಿನೊಳಗಿನ ಕೈಗಳು 1998ರಲ್ಲಿ ಚಪ್ಪಾಳೆ ತಟ್ಟಿದ ಕೈಗಳೇ ಅಲ್ಲವೇ? ಬಾಂಡ್ಸ್ ಮತ್ತು ಅಂಥದೇ ಆರೋಪ ಹೊತ್ತ ರೋಜರ್ ಕ್ಲೆಮೆನ್ಸ್, ಹಾಲ್ ಆಫ್ ಫೇಮ್‌ಗಾಗಿ ಬೇಸ್‌ಬಾಲ್ ಬರಹಗಾರರು ನಡೆಸುವ ಮತದಾನದಲ್ಲಿ ಹತ್ತು ವರ್ಷ ಇದ್ದೂ 2022ರಲ್ಲಿ ಹೊರಗುಳಿದರು. ಸೆಲಿಗ್ ಅವರನ್ನು ಆಯ್ಕೆ ಸಮಿತಿ 16ರಲ್ಲಿ 15 ಮತಗಳಿಂದ ಒಳಗೆ ಕರೆಯಿತು. ಒಂದೇ ಕಾಲದ ಹೊಣೆ ಆಟಗಾರನ ತಲೆಗೆ ಮಾತ್ರ ಕಟ್ಟುವುದು ಅನ್ಯಾಯ.

ಉತ್ತರ: ಚಿಕ್ಕಮಗಳೂರು

ಅರಸೀಕೆರೆಯವರ ಮಾತಿನಲ್ಲಿ ಸತ್ಯವಿದೆ, ಆದರೆ ಕಮಿಷನರ್ ಕೈಯಲ್ಲಿ ಆಗ ಎಷ್ಟು ಅಧಿಕಾರವಿತ್ತು ಎಂಬುದನ್ನು ಮೊದಲು ನೋಡಬೇಕು. ಮೇಜರ್ ಲೀಗ್ ಆಟಗಾರರ ಮೇಲೆ ಪರೀಕ್ಷೆ ಹೇರಲು ಆಟಗಾರರ ಸಂಘದ ಒಪ್ಪಿಗೆ ಬೇಕಿತ್ತು, ಸಂಘ ವರ್ಷಗಟ್ಟಲೆ ಅದನ್ನು ತಡೆದಿತ್ತು. ಸಂಘದ ರಕ್ಷಣೆ ಇಲ್ಲದ, ಕೆಳ ಹಂತದ ಮೈನರ್ ಲೀಗಿನಲ್ಲಿ 2001ರಲ್ಲೇ ಸೆಲಿಗ್ ತಾವಾಗಿ ಪರೀಕ್ಷೆ ಜಾರಿಗೆ ತಂದರು. 2003ರ ಅನಾಮಧೇಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪ್ರಮಾಣ ಶೇ. 5 ದಾಟಿದ್ದರಿಂದ ಮುಂದಿನ ವರ್ಷದಿಂದ ನಿಯಮ ಬಿಗಿಯಾಯಿತು. 2005ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಎಲ್ಲರನ್ನೂ ಕರೆಸಿ ವಿಚಾರಿಸಿದ ಮೇಲೆ ಸಂಘವೂ ಮಣಿಯಿತು. 2006ರಲ್ಲಿ ಮೊದಲ ತಪ್ಪಿಗೆ 50 ಪಂದ್ಯ, ಎರಡನೆಯದಕ್ಕೆ 100, ಮೂರನೆಯದಕ್ಕೆ ಆಜೀವ ನಿಷೇಧ ಎಂಬ ನಿಯಮ ಬಂತು. ಮದ್ದಿನ ಬಳಕೆಯ ಬಗ್ಗೆ ತನಿಖೆ ನಡೆಸಿದ, 2007ರ ಡಿಸೆಂಬರ್‌ನ ಮಿಚೆಲ್ ವರದಿಯನ್ನು ಬರೆಸಿದವರೂ ಸೆಲಿಗ್ ಅವರೇ, ಆ ವರದಿ ಕಮಿಷನರ್‌ಗಳು, ತಂಡಗಳ ಅಧಿಕಾರಿಗಳು, ಸಂಘ, ಆಟಗಾರರು ಎಲ್ಲರೂ ಹೊಣೆಗಾರರೆಂದಿತು. ತನ್ನ ಮೇಲೂ ಬೆರಳು ತೋರುವ ವರದಿಯನ್ನು ಬಚ್ಚಿಡದೆ ಪ್ರಕಟಿಸುವ ಆಡಳಿತಗಾರರು ಎಷ್ಟು ಜನ ಸಿಗುತ್ತಾರೆ?

ಅಧಿಕಾರ ಎಂದಾಗ ಮೊದಲ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ನೆನಪಾಗುತ್ತಾರೆ. ನ್ಯಾಯಾಧೀಶರಾಗಿದ್ದ ಅವರಿಗೆ 1920ರಲ್ಲಿ ಮಾಲೀಕರು ಬಹುತೇಕ ಸರ್ವಾಧಿಕಾರವನ್ನೇ ಕೊಟ್ಟಿದ್ದರು. 1919ರ ವರ್ಲ್ಡ್ ಸೀರೀಸ್ ಮೋಸದ ಪ್ರಕರಣದಲ್ಲಿ ನ್ಯಾಯಾಲಯದಲ್ಲಿ ಶಿಕ್ಷೆಯಾಗದ ಎಂಟು ಮಂದಿಯನ್ನೂ ಅವರು ಶಾಶ್ವತವಾಗಿ ಹೊರಹಾಕಿದರು. ಅಷ್ಟು ಅಧಿಕಾರವಿದ್ದರೂ 1944ರಲ್ಲಿ ಅವರು ತೀರಿಕೊಳ್ಳುವವರೆಗೆ ಒಬ್ಬ ಕಪ್ಪು ವರ್ಣೀಯ ಆಟಗಾರನಿಗೂ ಲೀಗಿನ ಬಾಗಿಲು ತೆರೆಯಲಿಲ್ಲ. ಜಾಕಿ ರಾಬಿನ್‌ಸನ್ ಬಂದದ್ದು 1947ರಲ್ಲಿ. ಆದ್ದರಿಂದ, ಕೈಯಲ್ಲಿದ್ದ ಅಧಿಕಾರವನ್ನು ಯಾರಿಗಾಗಿ ಬಳಸಿದರು, ಯಾರಿಗಾಗಿ ಬಳಸಲಿಲ್ಲ ಎಂದು ಕೇಳುವುದೇ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ. ಆ ಅಳತೆಯಲ್ಲಿ ಸೆಲಿಗ್ ಲ್ಯಾಂಡಿಸ್‌ಗಿಂತ ಬಹಳ ಎತ್ತರದಲ್ಲಿ ನಿಲ್ಲುತ್ತಾರೆ.

ಮತ್ತೆ ಪ್ರಶ್ನೆ ಕೇಳಿದವರಿಂದ: ಸಾಲಗಾಮೆ ರಸ್ತೆ, ಹಾಸನ

ಮೂವರಿಗೂ ಕೃತಜ್ಞತೆಗಳು. ಚಿಕ್ಕಮಗಳೂರಿನವರ ಅಳತೆಯನ್ನು ಸ್ವೀಕರಿಸುತ್ತೇನೆ, ಆದರೆ ಅದನ್ನು ಹಿಡಿದು ಹೊರಟರೆ ನಾನು ನಿಲ್ಲಬೇಕಾಗುವುದು 1994ರಲ್ಲಿ. ವೇತನಕ್ಕೆ ಮಿತಿ ಹಾಕಬೇಕೆಂಬ ಮಾಲೀಕರ ಹಟದಿಂದ ಆಗಸ್ಟ್ 12ಕ್ಕೆ ಮುಷ್ಕರ ಶುರುವಾಯಿತು. ಸೆಪ್ಟೆಂಬರ್ 14ರಂದು ಮಿಲ್ವಾಕಿಯಲ್ಲಿ ಸೆಲಿಗ್ ಆ ವರ್ಷದ ವರ್ಲ್ಡ್ ಸೀರೀಸ್ ರದ್ದೆಂದು ಪ್ರಕಟಿಸಿದರು. 1904ರ ನಂತರ ಅದು ನಡೆಯದ ಮೊದಲ ವರ್ಷ ಅದು. ಮದ್ದಿನ ವಿಚಾರದಲ್ಲಿ ಸಂಘ ಅಡ್ಡ ಬಂದಿತ್ತು ಎನ್ನಬಹುದು, ಇಲ್ಲಿ ಹಾಗೆ ಹೇಳಲಾಗದು. ಎರಡು ಕಡೆಯವರನ್ನೂ ಕೂರಿಸಿ ಮಾತನಾಡಿಸಬೇಕಿದ್ದ ಹುದ್ದೆಯಲ್ಲಿ ಒಂದು ಕಡೆಯವರೇ ಕೂತಿದ್ದರು. ಕೊನೆಗೆ ಮುಷ್ಕರಕ್ಕೆ ತೆರೆ ಎಳೆಯಲು 1995ರಲ್ಲಿ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಅವರ ತಡೆಯಾಜ್ಞೆ ಬೇಕಾಯಿತು.

ಆಟ ನಿಂತ ದಿನ 74 ಗೆಲುವು, 40 ಸೋಲಿನೊಂದಿಗೆ ಇಡೀ ಲೀಗಿನಲ್ಲಿ ಮುಂದಿದ್ದದ್ದು ಕೆನಡಾದ ಮಾಂಟ್ರಿಯಲ್ ಎಕ್ಸ್‌ಪೋಸ್. ಆ ತಂಡ ಮತ್ತೆ ಚೇತರಿಸಿಕೊಳ್ಳಲಿಲ್ಲ. ಮುಂದಿನ ಋತುವಿಗೆ ಮೊದಲೇ ಪ್ರಮುಖ ಆಟಗಾರರು ಬೇರೆ ತಂಡಗಳ ಪಾಲಾದರು, 2002ರಲ್ಲಿ ಲೀಗೇ ತಂಡವನ್ನು ಕೊಂಡುಕೊಂಡಿತು, 2005ರಲ್ಲಿ ಅದು ವಾಷಿಂಗ್ಟನ್‌ಗೆ ಹೋಯಿತು. ವರಮಾನ ಹಂಚಿಕೆಯ ಶ್ರೇಯಸ್ಸನ್ನು ಸೆಲಿಗ್ ಅವರಿಗೆ ಪೂರ್ತಿ ಕೊಡುತ್ತೇನೆ, ಮೂಡಿಗೆರೆಯವರು ಹೇಳಿದ ಪೂಲಿನ ಮಾತನ್ನೂ ಬಳಗದ ಮುಂದೆ ಇಡುತ್ತೇನೆ. ಆದರೆ ಸಣ್ಣ ತಂಡಗಳನ್ನು ಉಳಿಸಿದವರೆಂದು ಅವರನ್ನು ಹೊಗಳುವ ಮೊದಲು ಮಾಂಟ್ರಿಯಲ್‌ನ ಪ್ರೇಕ್ಷಕರ ವಿಷಯ ಹೇಳುತ್ತೇನೆ.