ಮಂಡಿ ಎಕ್ಸ್‌ರೇ ನಾರ್ಮಲ್, ಆದರೂ ಮಂಡಿ ಸಿಕ್ಕಿಕೊಳ್ಳುತ್ತದೆ: ಅಲ್ಟ್ರಾಸೌಂಡ್ ಸಾಕಾ, ಎಂಆರ್‌ಐ ಬೇಕೇ ಬೇಕಾ?

ತೋಟದಮನೆ_ಸಾಗರ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಐದು ವಾರದ ಹಿಂದೆ ತೋಟದ ಸಂಕ (ಕಾಲುಸೇತುವೆ) ದಾಟುವಾಗ ಬಲಗಾಲು ಜಾರಿತು. ಪಾದ ಎರಡು ದಬ್ಬೆಗಳ ನಡುವೆ ಸಿಕ್ಕಿಕೊಂಡಿತು, ಮೈ ಮಾತ್ರ ಎಡಕ್ಕೆ ತಿರುಗಿತು. ಮಂಡಿಯೊಳಗೆ ಏನೋ ‘ಕಟ್’ ಅಂದಿದ್ದು ನನಗೇ ಕೇಳಿಸಿತು. ಆಗ ಅಷ್ಟೇನೂ ನೋವಿರಲಿಲ್ಲ, ಹುಲ್ಲಿನ ಹೊರೆ ಹೊತ್ತುಕೊಂಡೇ ಮನೆಗೆ ಬಂದೆ. ಬೆಳಿಗ್ಗೆ ಏಳುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು.

ಈಗ ಊತ ಇಳಿದಿದೆ. ನೇರ ದಾರಿಯಲ್ಲಿ ನಡೆಯಬಲ್ಲೆ. ಆದರೆ ಮೆಟ್ಟಿಲು ಇಳಿಯುವಾಗ, ನಿಂತಲ್ಲೇ ತಿರುಗುವಾಗ ಮಂಡಿಯ ಒಳಮಗ್ಗುಲಲ್ಲಿ ಚುಚ್ಚುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಲು ಆಗುವುದಿಲ್ಲ. ಎರಡು ಸಲ ಹಾಲು ಕರೆದು ಏಳುವಾಗ ಕಾಲು ನೆಟ್ಟಗಾಗಲೇ ಇಲ್ಲ. ಕೊಟ್ಟಿಗೆಯ ಕಂಬ ಹಿಡಿದು ಕಾಲು ಅಲ್ಲಾಡಿಸಿದ ಮೇಲೆ ‘ಟಕ್’ ಅಂತ ಬಿಟ್ಟುಕೊಂಡಿತು.

ಮೊದಲ ವಾರವೇ ಮಲಗಿಸಿ ಎಕ್ಸ್‌ರೇ ತೆಗೆದರು. ಮೂಳೆಗೆ ಏನೂ ಆಗಿಲ್ಲ ಅಂದರು. ಮೊನ್ನೆ ಶಿವಮೊಗ್ಗದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. ಮಂಡಿ ಮಡಚಿ, ತಿರುಗಿಸಿ, ಒಳಮಗ್ಗುಲ ಸಂದಿಯಲ್ಲಿ ಒತ್ತಿ ನೋಡಿ, ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವೆ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಇರುವ ಮೆತ್ತೆ) ಹರಿದಿರಬೇಕು, ಎಂಆರ್‌ಐ ಮಾಡಿಸಿ ಅಂದರು. 6,500 ರೂಪಾಯಿ ಆಗುತ್ತದಂತೆ. ನಮ್ಮ ಭಾವ, ಅಲ್ಟ್ರಾಸೌಂಡ್ ಸಾಕು, ಸುಮ್ನೆ ಯಾಕೆ ಅಷ್ಟು ಖರ್ಚು ಅಂತಾರೆ. ಪಕ್ಕದ ಮನೆಯವರು ಸಿಟಿ ಸ್ಕ್ಯಾನ್ ಒಳ್ಳೇದು ಅಂತಾರೆ. ಯಾವುದರಲ್ಲಿ ಏನು ಕಾಣುತ್ತದೆ ಅಂತ ತಿಳಿದವರು ಬಿಡಿಸಿ ಹೇಳಿ. ಇನ್ನೊಂದು ವಿಷಯ: 2009ರಲ್ಲಿ ಎಡ ಪಾದದ ಗಂಟು ಮುರಿದು ಪ್ಲೇಟ್ ಹಾಕಿದ್ದಾರೆ, ಅದು ಈಗಲೂ ಇದೆ.

ಸ್ಕ್ಯಾನ್‌ರೂಮ್_ಹುಬ್ಬಳ್ಳಿ

ಅಕ್ಕಾವ್ರೆ, ನಾನು ಡಾಕ್ಟರ್ ಅಲ್ಲ. 14 ವರ್ಷದಿಂದ ಎಂಆರ್‌ಐ ಯಂತ್ರ ನಡೆಸುವ ಟೆಕ್ನೀಷಿಯನ್. ದಿನಕ್ಕೆ ಮೂರ್ನಾಲ್ಕು ಮಂಡಿಯಾದರೂ ನನ್ನ ಕೈಯಲ್ಲಿ ಹಾದುಹೋಗುತ್ತವೆ. ನಿಮ್ಮ ಕೈಲಿರುವ ಎಕ್ಸ್‌ರೇಯಿಂದಲೇ ಶುರು ಮಾಡುತ್ತೇನೆ.

ಎಕ್ಸ್‌ರೇಯಲ್ಲಿ ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವೆ ಕಪ್ಪು ಸಂದಿ ಕಾಣುತ್ತದಲ್ವಾ, ಅದು ಖಾಲಿ ಜಾಗ ಅಲ್ಲ. ಕಾರ್ಟಿಲೇಜ್ (ಮೂಳೆಯ ತುದಿಗೆ ಅಂಟಿದ ನುಣುಪಾದ ಪದರ), ಮೆನಿಸ್ಕಸ್ ಎರಡೂ ಇರುವುದು ಅಲ್ಲೇ. ಎಕ್ಸ್‌ರೇಗೆ ಅವು ಕಾಣುವುದಿಲ್ಲ ಅಷ್ಟೆ. ಹಾಗಾಗಿ ‘ನಾರ್ಮಲ್’ ಅಂದರೆ ಮೂಳೆ ಮುರಿದಿಲ್ಲ ಅಂತ ಮಾತ್ರ ಅರ್ಥ. ಇನ್ನೊಂದು ಮಾತು. ಕಾರ್ಟಿಲೇಜ್ ಸವೆದಿದೆಯೇ ಅಂತ ಎಕ್ಸ್‌ರೇಯಲ್ಲಿ ಅಂದಾಜು ಮಾಡಬೇಕಾದರೆ ನಿಂತೇ ತೆಗೆಸಬೇಕು. ಮೈಭಾರ ಬಿದ್ದಾಗಲೇ ಆ ಸಂದಿ ಎಷ್ಟು ಕಿರಿದಾಗಿದೆ ಅಂತ ಗೊತ್ತಾಗುವುದು. ಮಂಡಿಯನ್ನು ಸುಮಾರು 45 ಡಿಗ್ರಿ ಬಗ್ಗಿಸಿ ನಿಲ್ಲಿಸಿ ತೆಗೆಯುವ ಒಂದು ವಿಧಾನವೂ ಇದೆ, ಸವೆತ ಅದರಲ್ಲಿ ಇನ್ನೂ ಬೇಗ ಸಿಗುತ್ತದೆ. ಮಲಗಿಸಿ ತೆಗೆದ ಫಿಲಂ ನೋಡಿ ‘ಸವೆತ ಇಲ್ಲ’ ಅಂತ ಸಮಾಧಾನಪಟ್ಟವರನ್ನು ನಾನು ಬಹಳ ಜನ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಅಲ್ಟ್ರಾಸೌಂಡ್ ಕೆಟ್ಟದ್ದೇನಲ್ಲ. ಮಂಡಿಯಲ್ಲಿ ನೀರು ತುಂಬಿದೆಯಾ, ಮಂಡಿಯ ಹಿಂದೆ ನೀರುಗಂಟು ಇದೆಯಾ, ಪಕ್ಕದ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಹೇಗಿದೆ, ಇಷ್ಟಕ್ಕೆ ಅದು ಚೆನ್ನಾಗಿದೆ. ಆದರೆ ಮೂಳೆಯ ಆಚೆಗೆ ಅದರ ಅಲೆ ಹೋಗುವುದಿಲ್ಲ. ಮೆನಿಸ್ಕಸ್‌ನ ಹೊರ ಅಂಚು ಕಾಣುತ್ತದೆ, ಒಳಭಾಗ ಸರಿಯಾಗಿ ಕಾಣುವುದಿಲ್ಲ. ನೋಡುವವರ ಕೈಚಳಕದ ಮೇಲೂ ಹೋಗುತ್ತದೆ. ಅದರಲ್ಲಿ ‘ಏನೂ ಇಲ್ಲ’ ಅಂತ ಬಂದರೆ ಅಲ್ಲಿಗೆ ಬಿಡುವ ಹಾಗಿಲ್ಲ, ಮತ್ತೆ ಎಂಆರ್‌ಐಗೇ ಬರಬೇಕು. ಸಿಟಿ ಮೂಳೆಗೆ. ಮಂಡಿಯ ಕೆಳಗಿನ ಮೂಳೆ ಚೂರಾಗಿದ್ದರೆ ಅದರಷ್ಟು ಸ್ಪಷ್ಟ ಬೇರೆ ಇಲ್ಲ. ಪೇಸ್‌ಮೇಕರ್ ಇದ್ದು ಎಂಆರ್‌ಐ ಆಗದವರಿಗೆ ಕೀಲಿನೊಳಗೆ ಔಷಧಿ ಚುಚ್ಚಿ ಸಿಟಿ ಮಾಡುವುದುಂಟು, ಆಗ ಮೆನಿಸ್ಕಸ್ ಕೂಡ ಕಾಣುತ್ತದೆ. ನಿಮಗೆ ಅದು ಬೇಡ.

ಇನ್ನು ಎಂಆರ್‌ಐ. ಪರದೆಯ ಮೇಲೆ ಆರೋಗ್ಯವಾದ ಮೆನಿಸ್ಕಸ್ ಕಡುಕಪ್ಪು ತ್ರಿಕೋನ. ಹರಿದಿದ್ದರೆ ಆ ಕಪ್ಪಿನಲ್ಲಿ ಒಂದು ಬಿಳಿ ಗೆರೆ. ಆ ಗೆರೆ ತ್ರಿಕೋನದ ಅಂಚನ್ನು ಮುಟ್ಟಿದೆಯಾ ಅನ್ನುವುದೇ ಮುಖ್ಯ. ಎರಡು ಚಿತ್ರಗಳಲ್ಲಾದರೂ ಮುಟ್ಟಿದ್ದರೆ ಹರಿದಿದೆ ಅಂತ ಧೈರ್ಯವಾಗಿ ಹೇಳುತ್ತಾರೆ. ಅಂಚು ಮುಟ್ಟದೆ ಒಳಗೇ ಇದ್ದರೆ ರಿಪೋರ್ಟಿನಲ್ಲಿ ಗ್ರೇಡ್ 1 ಅಥವಾ 2 ಅಂತ ಬರೆಯುತ್ತಾರೆ. ಅದು ಸೀಳಲ್ಲ, ನೋಡಿ ಹೆದರಬೇಡಿ.

ಕಾರ್ಟಿಲೇಜ್ ವಿಷಯದಲ್ಲಿ ಎಂಆರ್‌ಐಗೂ ಮಿತಿ ಇದೆ. ನಾವು ಮಂಡಿಯನ್ನು ಸಾಮಾನ್ಯವಾಗಿ 3 ಮಿಲಿಮೀಟರ್ ದಪ್ಪದ ಹೋಳುಗಳಾಗಿ ನೋಡುತ್ತೇವೆ. ಕಾರ್ಟಿಲೇಜೇ ಬಹುಪಾಲು ಕಡೆ ಅಷ್ಟು ದಪ್ಪ ಇರುವುದು. ಮೂಳೆ ಕಾಣುವ ಹಾಗೆ ಕಿತ್ತುಹೋಗಿದ್ದರೆ ಬಹುತೇಕ ಸಿಗುತ್ತದೆ. ಬರೀ ಮೆತ್ತಗಾಗಿದ್ದರೆ, ಮೇಲ್ಮೈ ಸ್ವಲ್ಪ ಎದ್ದಿದ್ದರೆ ತಪ್ಪಿಹೋಗಬಹುದು. ಈ ವಿಷಯದಲ್ಲಿ 3 ಟೆಸ್ಲಾ ಯಂತ್ರ ಮೇಲು (ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ). ಮೆನಿಸ್ಕಸ್‌ಗೆ 1.5 ಟೆಸ್ಲಾ ಧಾರಾಳ ಸಾಕು. ಹಳೆಯ 0.3ರ ತೆರೆದ ಯಂತ್ರದಲ್ಲಿ ಕಡಿಮೆ ಬೆಲೆಗೆ ಮಾಡುತ್ತೇವೆ ಅಂದರೆ, ಆ ಉಳಿತಾಯ ನನಗಂತೂ ಬೇಡ ಅನಿಸುತ್ತದೆ.

ಪ್ಲೇಟ್ ಬಗ್ಗೆ: ಪಾದದ ಗಂಟಿನ ಪ್ಲೇಟ್ ಮಂಡಿಯ ಚಿತ್ರ ಕೆಡಿಸುವುದಿಲ್ಲ, ದೂರ ಇದೆ. ಮೂಳೆಗೆ ಹಾಕುವ ಇಂಥ ಪ್ಲೇಟುಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೂ ಹಳೇ ಡಿಸ್ಚಾರ್ಜ್ ಚೀಟಿ ತಂದು ಒಳಗೆ ಹೋಗುವ ಮೊದಲೇ ತೋರಿಸಿ. ಕಾಲುಂಗುರ, ಹೇರ್‌ಪಿನ್ ಮನೆಯಲ್ಲೇ ಬಿಚ್ಚಿಡಿ. ತಾಳಿ ತೆಗೆಯಲು ಬಹಳ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿದವರೂ ಇದ್ದಾರೆ. ಹಿಂದಿನ ರಾತ್ರಿಯೇ ಅರಿಶಿನದ ದಾರಕ್ಕೆ ಬದಲಾಯಿಸಿಕೊಂಡು ಬನ್ನಿ, ನಮಗೇನೂ ಅಡ್ಡಿಯಿಲ್ಲ. ಕಾಲು ಮುಂದಾಗಿ ಒಳಗೆ ಹೋಗುತ್ತೀರಿ, ತಲೆ ಬಹುತೇಕ ಹೊರಗೇ ಇರುತ್ತದೆ. 20ರಿಂದ 30 ನಿಮಿಷ ಅಲ್ಲಾಡದೆ ಮಲಗಿ.

ರೈಡರ್_ಮಂಡ್ಯ

ಅಕ್ಕ, ನನ್ನ ಅನುಭವ ಒಂದಿಷ್ಟು. ಕಬಡ್ಡಿ ಆಡುವಾಗ ಮಂಡಿ ತಿರುಚಿ ಎಸಿಎಲ್ (ಮಂಡಿಯೊಳಗಿನ ಮುಖ್ಯ ಲಿಗಮೆಂಟ್) ಹರಿದಿತ್ತು. ಎಂಆರ್‌ಐಯಲ್ಲಿ ಅದು ಸಿಕ್ಕಿತು, ಮೆನಿಸ್ಕಸ್ ಎರಡೂ ಚೆನ್ನಾಗಿವೆ ಅಂತ ಬರೆದಿದ್ದರು. ಆಪರೇಷನ್ನಿನಲ್ಲಿ ದುರ್ಬೀನು ಹಾಕಿ ನೋಡಿದಾಗ ಹೊರಮಗ್ಗುಲ ಮೆನಿಸ್ಕಸ್‌ನ ಹಿಂಭಾಗದಲ್ಲಿ ಸಣ್ಣ ಸೀಳಿತ್ತು. ಆಗಲೇ ಹೊಲಿದರು. ಎಂಆರ್‌ಐ ಅಂದರೆ ಕಡೇ ಮಾತು ಅಂದುಕೊಂಡಿದ್ದೆ, ಹಾಗಲ್ಲ ಅಂತ ಅವತ್ತು ಗೊತ್ತಾಯಿತು.

ಸ್ಕ್ಯಾನ್‌ರೂಮ್_ಹುಬ್ಬಳ್ಳಿ

ನಿಜ ತಮ್ಮಾ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2003ರಲ್ಲಿ ಒಂದು ಲೆಕ್ಕ ಬಂದಿತ್ತು. ಒಳಗಿನ ಮೆನಿಸ್ಕಸ್ ಹರಿದ 100 ಜನರಲ್ಲಿ ಸುಮಾರು 93 ಮಂದಿಯದು ಎಂಆರ್‌ಐಯಲ್ಲಿ ಸಿಗುತ್ತದೆ, ಹೊರಗಿನದಾದರೆ ಸುಮಾರು 79. ಎಸಿಎಲ್ ಜೊತೆಗೆ ಹರಿದಾಗ ಹೊರಗಿನದರ ಹಿಂಭಾಗವೇ ಕೈತಪ್ಪುವುದು ಜಾಸ್ತಿ. ಅಕ್ಕಾವ್ರ ನೋವು ಒಳಮಗ್ಗುಲಲ್ಲಿದೆ, ಅಲ್ಲಿ ಎಂಆರ್‌ಐ ಗಟ್ಟಿ.

ಫಿಸಿಯೋ_ಉಡುಪಿ

ನಾನು ಫಿಸಿಯೋಥೆರಪಿಸ್ಟ್. ಎಲ್ಲ ಮಂಡಿನೋವಿಗೂ ಎಂಆರ್‌ಐ ಅನ್ನುವುದಕ್ಕೆ ನನ್ನ ವಿರೋಧವಿದೆ, ಯಾಕೆ ಅಂತ ಹೇಳುತ್ತೇನೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಯನ್ನು ಎಂಆರ್‌ಐ ಮಾಡಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ 61 ಶೇಕಡಾ ಜನರಿಗೆ ಹಿಂದಿನ ತಿಂಗಳು ಮಂಡಿನೋವೇ ಇರಲಿಲ್ಲ! ವಯಸ್ಸಾದ ಹಾಗೆ ತಲೆಗೂದಲು ಬೆಳ್ಳಗಾಗುವಂತೆ ಇದೂ ಆಗುತ್ತದೆ. ಫಿನ್ಲೆಂಡಿನಲ್ಲಿ 2013ರಲ್ಲಿ ಇನ್ನೊಂದು ಬಂತು. ಸವೆದು ಹರಿದ ಮೆನಿಸ್ಕಸ್ ಇದ್ದ 146 ಜನರಲ್ಲಿ ಅರ್ಧದಷ್ಟು ಮಂದಿಗೆ ಹರಿದ ತುಂಡು ಕತ್ತರಿಸಿ ತೆಗೆದರು, ಉಳಿದವರಿಗೆ ಕತ್ತರಿಸಿದ ಹಾಗೆ ಮಾಡಿದರು ಅಷ್ಟೆ. ವರ್ಷದ ನಂತರ ಎರಡೂ ಗುಂಪಿನವರು ಒಂದೇ ಥರ ಇದ್ದರು. ರಿಪೋರ್ಟಿನ ಒಂದು ಸಾಲು ನೋಡಿ ಆಪರೇಷನ್ನಿಗೆ ಓಡಿದವರು ನನ್ನ ಹತ್ತಿರ ಅದೇ ನೋವಿನೊಂದಿಗೆ ಬರುತ್ತಾರೆ. ಅದಕ್ಕೇ ಇಷ್ಟು ಹೇಳಿದ್ದು.

ಆದರೆ ಅಕ್ಕ, ನಿಮ್ಮದು ಆ ಥರದ್ದಲ್ಲ. ಪೆಟ್ಟು ಬಿದ್ದ ಗಳಿಗೆ ನಿಮಗೆ ನೆನಪಿದೆ. ಊತ ಮರುದಿನ ಬಂದಿದೆ. ಒಂದೆರಡು ಗಂಟೆಯಲ್ಲೇ ಊದಿದ್ದರೆ ಒಳಗೆ ರಕ್ತ ತುಂಬಿದೆ, ಎಸಿಎಲ್ ಹೋಗಿದೆಯೋ ಅಂತ ನೋಡಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಾಲು ನೆಟ್ಟಗಾಗದೆ ಸಿಕ್ಕಿಕೊಳ್ಳುತ್ತಿದೆ. ಹರಿದ ಭಾಗ ಮಗುಚಿ ನಡುವೆ ಸಿಗುತ್ತಿರಬಹುದು. ನಿಮಗೆ ಎಂಆರ್‌ಐ ಬೇಕು, ತಡ ಮಾಡಬೇಡಿ. ಅಷ್ಟರವರೆಗೆ ಕುಕ್ಕರುಗಾಲಲ್ಲಿ ಕೂರಲೇಬೇಡಿ. ಹಾಲು ಕರೆಯುವ ಕೆಲಸ ಬೇರೆಯವರಿಗೆ ಕೊಡಿ. ಕಾಲು ಸಿಕ್ಕಿಕೊಂಡು ಬಿಡಿಸಲೇ ಆಗದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ತೋಟದಮನೆ_ಸಾಗರ

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರಿಶಿನ ದಾರದ ಮಾತು ಹೇಳಿದ ಅಣ್ಣನಿಗೆ ಇನ್ನೂ ಒಂದು ಪಾಲು ಜಾಸ್ತಿ. 1.5 ಟೆಸ್ಲಾದಲ್ಲಿ ಮಾಡಿಸಿದೆ. ಒಳಗಿನ ಮೆನಿಸ್ಕಸ್‌ನ ಹಿಂಭಾಗದಲ್ಲಿ ಉದ್ದಕ್ಕೆ ಸೀಳಿದೆಯಂತೆ, ಹೊರ ಅಂಚಿಗೆ ಹತ್ತಿರ. ಡಾಕ್ಟರು ಪರದೆ ನನ್ನ ಕಡೆ ತಿರುಗಿಸಿ ಆ ಬಿಳಿ ಗೆರೆ ತೋರಿಸಿದರು. ಹೊರ ಅಂಚಿಗೆ ಮಾತ್ರ ರಕ್ತ ಹರಿಯುವುದು, ಅಲ್ಲಿ ಹರಿದಿದ್ದರೆ ಹೊಲಿದರೆ ಕೂಡುವ ಸಾಧ್ಯತೆ ಇದೆ, ಕತ್ತರಿಸಿ ಬಿಸಾಡುವುದು ಬೇಡ ಅಂದರು. ನಿಲ್ಲಿಸಿ ಎಕ್ಸ್‌ರೇ ತೆಗೆಯಿರಿ ಅಂತ ನಾನೇ ಕೇಳಿದೆ. ಎರಡೂ ಮಂಡಿಯ ಸಂದಿ ಸಮನಾಗಿದೆ. ಎಂಆರ್‌ಐ ರಿಪೋರ್ಟಿನಲ್ಲಿ ಮಂಡಿಚಿಪ್ಪಿನ ಹಿಂದೆ ಕಾರ್ಟಿಲೇಜ್ ಸವೆತ ಗ್ರೇಡ್ 2 ಅಂತಲೂ ಬರೆದಿದ್ದಾರೆ. ಅದಕ್ಕೆ ಈಗ ಏನೂ ಮಾಡುವುದು ಬೇಡ, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಸಾಕಂತೆ.

ಹೊಲಿಗೆ ಹಾಕಿದರೆ ಸುಮಾರು ಆರು ವಾರ ಊರುಗೋಲು, ಮೂರ್ನಾಲ್ಕು ತಿಂಗಳು ಕುಕ್ಕರುಗಾಲು ಇಲ್ಲ. ಕೊಯ್ಲು ಮುಗಿಯಲಿ ಅಂತ ಮೊದಲು ಯೋಚಿಸಿದ್ದೆ. ಭಾವನೇ ಬೇಡ ಅಂದರು, ಫಿಲಂ ನೋಡಿದ ಮೇಲೆ. ಈ ಸಲ ಸುಲಿಯಲು ತಮ್ಮನ ಹೆಂಡತಿ ಬಂದು ಇರುತ್ತಾಳೆ. ಬರುವ ಗುರುವಾರ ಅಡ್ಮಿಟ್ ಆಗುತ್ತಿದ್ದೇನೆ.