ಸಾಲಾವಳಿ ಬರದ ಸ್ಪೀಕರು

ಸುಬ್ಬುವಿನ ಮನೆಯ ಹಾಲಿನಲ್ಲಿ ಎರಡು ಹೊಸ ಸ್ಪೀಕರುಗಳು ಎದೆಯೆತ್ತರಕ್ಕೆ ನಿಂತಿದ್ದವು, ದ್ವಾರಪಾಲಕರ ಹಾಗೆ. ನಡುವೆ ಹಳೆಯ ಟೀಪಾಯಿಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಆಂಪ್ಲಿಫೈಯರು. ಮಲ್ಲಿಕಾರ್ಜುನ ಮನ್ಸೂರರು ಸಣ್ಣಗೆ ಹಾಡುತ್ತಿದ್ದರು.

"ಇದು ಆಗುವ ಮಾತಲ್ಲ," ಎಂದ ಗುರುರಾಜ, ಚಪ್ಪಲಿ ಬಿಡುವ ಮೊದಲೇ. "ಸ್ಪೀಕರಿನ ತಡೆ ನಾಲ್ಕು ಓಮ್, ಸೆನ್ಸಿಟಿವಿಟಿ 84 ಡೆಸಿಬೆಲ್. ಆಂಪ್ಲಿಫೈಯರು ನೋಡಿದರೆ 20 ವ್ಯಾಟ್, ಅದೂ ಎಂಟು ಓಮಿಗೆ."

"ಸಾಲಾವಳಿ ಬರಲಿಲ್ಲ ಅನ್ನು." ಶಾಮಣ್ಣನಿಗೆ ಸೋಫಾದಲ್ಲಿ ಜಾಗವಿರಲಿಲ್ಲ; ಸ್ಪೀಕರಿನ ರಟ್ಟಿನ ಪೆಟ್ಟಿಗೆಯ ಮೇಲೆಯೇ ಕುಳಿತ. "ಈಗಿನ ಮಕ್ಕಳು ಜಾತಕ ತೋರಿಸದೆ ಮದುವೆಯಾಗುತ್ತಾರೆ. ಉಳಿದುಹೋದ ಜಾತಕವನ್ನೆಲ್ಲ ಅವರ ಅಪ್ಪಂದಿರು ಆಂಪ್ಲಿಫೈಯರಿಗೆ ತೋರಿಸುತ್ತಾರೆ."

"ಹೊಂದುತ್ತದೆ ಎಂದು ಅಂಗಡಿಯವನೇ ಹೇಳಿದ," ಎಂದ ಸುಬ್ಬು.

"ಹೊಂದುವುದಿಲ್ಲ ಎಂದು ಹೇಳಿದ ಮದುವೆ ದಲ್ಲಾಳಿಯನ್ನು ನೀನು ಕಂಡಿದ್ದೀಯಾ?"

ನನಗೆ ನನ್ನ ಹಳೆಯ ಟೇಪ್‌ರೆಕಾರ್ಡರು ನೆನಪಾಯಿತು. ಡಬ್ಬದ ಮೇಲೆ 1000 ವ್ಯಾಟ್ ಪಿಎಂಪಿಒ ಎಂದು ಬೆಂಕಿಯ ಚಿತ್ರದ ಸಮೇತ ಬರೆದಿತ್ತು. ಮಿಕ್ಸಿ ತಿರುಗಿದರೆ ಹಾಡು ಕೇಳಿಸುತ್ತಿರಲಿಲ್ಲ.

"ಪಿಎಂಪಿಒ ಎಂದರೆ ಹುಡುಗನ ಸಂಬಳ ಎಷ್ಟೆಂದು ದಲ್ಲಾಳಿ ಹೇಳುವುದು. ಆರ್‌ಎಂಎಸ್ ಎಂದರೆ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದು," ಎಂದ ಶಾಮಣ್ಣ.

ಗುರುರಾಜನಿಗೆ ತಮಾಷೆ ಹಿಡಿಸಲಿಲ್ಲ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಬರುತ್ತದೆಯೋ ಅದೇ ಸೆನ್ಸಿಟಿವಿಟಿ ಎಂದು ಪಾಠ ಶುರುಮಾಡಿದ. ಮೂರು ಡೆಸಿಬೆಲ್ ಏರಿಸಬೇಕಾದರೆ ವ್ಯಾಟ್ ಎರಡರಷ್ಟಾಗಬೇಕು. ಕಿವಿಗೆ ಇಮ್ಮಡಿ ಜೋರು ಎನ್ನಿಸಬೇಕಾದರೆ ಸುಮಾರು ಹತ್ತರಷ್ಟು. "ಅದೇ 90 ಡೆಸಿಬೆಲ್ಲಿನ ಸ್ಪೀಕರು ತಂದಿದ್ದರೆ ಕಾಲು ಪಾಲು ವ್ಯಾಟಿಗೆ ಇಷ್ಟೇ ಸದ್ದು ಬರುತ್ತಿತ್ತು."

"ಒಂದು ಮಗು ಒಂದೇ ಕೂಗಿಗೆ ಏಳುತ್ತದೆ, ಇನ್ನೊಂದು ನಾಲ್ಕು ಕೂಗಿಗೆ ಏಳುತ್ತದೆ. ಇಷ್ಟಕ್ಕೆ ಡೆಸಿಬೆಲ್ ಯಾಕೆ?"

"ನಾಲ್ಕು ಸಲ ಕೂಗಿದರೆ ಗಂಟಲು ಹೋಗುತ್ತದೆ, ಶಾಮಣ್ಣ! ಸಣ್ಣ ಆಂಪ್ಲಿಫೈಯರನ್ನು ಮಿತಿಮೀರಿ ತಿರುಗಿಸಿದರೆ ಅಲೆಯ ನೆತ್ತಿಯೇ ಚಪ್ಪಟೆಯಾಗುತ್ತದೆ. ಕ್ಲಿಪ್ಪಿಂಗ್ ಎನ್ನುತ್ತಾರೆ. ಮೊದಲು ಸುಡುವುದು ಸ್ಪೀಕರಿನಲ್ಲಿ ಕೀಚಲು ಸ್ವರ ನುಡಿಸುವ ಟ್ವೀಟರು. ಇವನಿಗೆ ಕನಿಷ್ಠ ನೂರು ವ್ಯಾಟ್ ಬೇಕು, ನಾಲ್ಕು ಓಮ್ ತಡೆದುಕೊಳ್ಳುವಂಥದ್ದು."

ಅಡುಗೆಮನೆಯಿಂದ ಅತ್ತಿಗೆ ಇಣುಕಿದರು. "ಮಹಡಿಗೆ ಹೋಗಿ ಬಟ್ಟೆ ತರುತ್ತೇನೆ. ಕುಕ್ಕರು ಮೂರು ಕೂಗಿದರೆ ಆರಿಸಿ. ಕೇಳಿಸಬೇಕಲ್ಲ, ಅದನ್ನು ಸ್ವಲ್ಪ ಕಡಿಮೆ ಮಾಡಿ."

ಸುಬ್ಬು ಕಡಿಮೆ ಮಾಡಿದ. ಮನ್ಸೂರರು ಪಕ್ಕದ ಮನೆಗೆ ಹೋದರು.

"ಗುರು, ಈಗ ಎಷ್ಟು ವ್ಯಾಟ್ ಓಡುತ್ತಿದೆ?"

"ಈ ಸದ್ದಿಗೆ... ಒಂದೂ ಇರಲಾರದು."

"ಹಾಗಾದರೆ ಮಿಕ್ಕ ತೊಂಬತ್ತೊಂಬತ್ತನ್ನು ಅತ್ತಿಗೆಗೆ ಕೊಡು. ಹೂರಣ ರುಬ್ಬಿಕೊಳ್ಳಲಿ."

"ತಬಲದ ಒಂದು ಪೆಟ್ಟಿಗೆ ಆ ಒಂದು ಹತ್ತಾಗುತ್ತದೆ, ಇಪ್ಪತ್ತಾಗುತ್ತದೆ. ಆ ಕ್ಷಣಕ್ಕೆ ಬೇಕು."

"ವರ್ಷಕ್ಕೊಮ್ಮೆ ಬರುವ ಬೀಗರಿಗಾಗಿ ಆರು ಕೋಣೆಯ ಮನೆ. ಅಯ್ಯಾ, 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಸ್ವಂತ ಮನೆಯಿಂದ ಆಕಾಶವಾಣಿ ಶುರುಮಾಡಿದರಲ್ಲ, ಆ ಟ್ರಾನ್ಸ್‌ಮಿಟರು 30 ವ್ಯಾಟಿನದು. ಇವನ ಹನ್ನೆರಡು ಅಡಿ ಹಾಲಿಗೆ ನೂರು!"

"ಆ ವ್ಯಾಟೇ ಬೇರೆ, ಈ ವ್ಯಾಟೇ ಬೇರೆ. ಅದು ರೇಡಿಯೊ ಅಲೆಯದು."

"ಗೊತ್ತು. ಜಗಳಕ್ಕೆ ಬೇಕಿತ್ತು, ಬಳಸಿದೆ. ನಮ್ಮಪ್ಪನ ವಾಲ್ವ್ ರೇಡಿಯೊ ತೆಗೆದುಕೋ, ಎರಡೋ ಮೂರೋ ವ್ಯಾಟ್. ವಾರ್ತೆಯ ಹೊತ್ತಿಗೆ ಎದುರುಮನೆಯವರು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಕೇಳಿಸುವುದಿಲ್ಲ ಎಂದು ಒಬ್ಬರೂ ಅನ್ನಲಿಲ್ಲ."

ಸುಬ್ಬು ಅಷ್ಟು ಹೊತ್ತೂ ಸ್ಪೀಕರಿನ ಬಟ್ಟೆಯ ಮೇಲಿನ ಧೂಳನ್ನು ಬೆರಳಿನಿಂದ ತೆಗೆಯುತ್ತಿದ್ದ. ಧೂಳೇ ಇರಲಿಲ್ಲ.

"ಶಾಮಣ್ಣ, ನಿನಗೆ ಇದರಲ್ಲಿ ತಂಬೂರಿ ಕೇಳಿಸುತ್ತಿದೆಯೇ?"

ಶಾಮಣ್ಣ ಸುಮ್ಮನಾದ.

"ಮೊದಲೆಲ್ಲ ಜೀವಾರಿಯ ಆ ಝೇಂಕಾರ ಹಾಡು ಶುರುವಾಗುವ ಮುಂಚೆಯೇ ಹಾಲನ್ನು ತುಂಬುತ್ತಿತ್ತು. ಒಂದೆರಡು ವರ್ಷದಿಂದ ಇಲ್ಲ. ಸೆಟ್ಟು ಹಳೆಯದಾಯಿತೆಂದು ಸ್ಪೀಕರು ತಂದೆ. ಬರಲಿಲ್ಲ. ಈಗ ಆಂಪ್ಲಿಫೈಯರು ಸಾಲದು ಎಂದು ಗುರು ಹೇಳಿದಾಗ, ನಿಜ ಹೇಳುತ್ತೇನೆ, ಸಮಾಧಾನವಾಯಿತು."

ಗುರುರಾಜ ಏನೂ ಹೇಳದೆ ಮೊಬೈಲ್ ತೆಗೆದು ಏನನ್ನೋ ಒತ್ತಿ ಟೀಪಾಯಿಯ ಮೇಲಿಟ್ಟ. "12,000 ಹರ್ಟ್ಸ್, ತೀರ ಮೇಲಿನ ಸ್ವರ," ಎಂದ. ನಾವು ನಾಲ್ವರೂ ಆ ಮೊಬೈಲನ್ನು ನೋಡುತ್ತ ಕುಳಿತೆವು. ಅದು ಸುಮ್ಮನೆ ಬಿದ್ದುಕೊಂಡಿತ್ತು.

"ಶುರುಮಾಡು," ಎಂದ ಶಾಮಣ್ಣ.

"ಆಗಲೇ ಶುರುವಾಗಿದೆ ಎಂದು ತೋರಿಸುತ್ತಿದೆ."

ಒಳಕೋಣೆಯಿಂದ ಸುಬ್ಬುವಿನ ಮೊಮ್ಮಗಳು ಎರಡು ಕಿವಿಯನ್ನೂ ಮುಚ್ಚಿಕೊಂಡು ಓಡಿಬಂದಳು. "ತಾತ, ಅದೇನು ಕೀರಲು ಸದ್ದು? ನಿಲ್ಲಿಸು!"

ಗುರುರಾಜ ನಿಲ್ಲಿಸಿದ. ನಿಲ್ಲಿಸಿದ್ದು ನಮಗೆ ಗೊತ್ತಾದದ್ದು ಅವಳು ಕೈ ಕೆಳಗಿಳಿಸಿದಾಗ.

"ಸ್ಪೀಕರಿನ ಜಾತಕ, ಆಂಪ್ಲಿಫೈಯರಿನ ಜಾತಕ ಎಲ್ಲ ನೋಡಿದೆವು," ಎಂದು ಶಾಮಣ್ಣ ಕಿವಿಯೊಳಗೆ ಕಿರುಬೆರಳು ತಿರುಗಿಸಿಕೊಂಡ. "ಕನ್ಯಾದಾನ ಹಿಡಿಯುವವನಿಗೆ ಎಪ್ಪತ್ತು ಎನ್ನುವುದನ್ನು ಯಾರೂ ಕೇಳಲಿಲ್ಲ."

ಯಾರೂ ಜೋರಾಗಿ ನಗಲಿಲ್ಲ. ಸುಬ್ಬು ಮಾತ್ರ ಸ್ವಲ್ಪ ನಕ್ಕ.

ಅಷ್ಟರಲ್ಲಿ ಅತ್ತಿಗೆ ತೋಳಿನ ತುಂಬ ಬಟ್ಟೆ ಹೊತ್ತು ಇಳಿದು ಬಂದರು. ಬಾಗಿಲಲ್ಲೇ ಮೂಗರಳಿಸಿದರು.

"ಎಷ್ಟು ಕೂಗಾಯಿತು?"

"ಎರಡಿರಬೇಕು," ಎಂದ ಸುಬ್ಬು.

"ಕೂಗಿತೇ?" ಎಂದ ಶಾಮಣ್ಣ.

"ಏಳು," ಎಂದಳು ಹುಡುಗಿ.